ನೋಡದೆ ಕೈ ಹಾಕುವ ಚೀಲ

2013ರ ಬೇಸಿಗೆಯಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಮಂಡೂರಿನ ಕಡೆ ಹೋಗಿದ್ದೆ. ಎಲೆಗೆ ಕೋಸಂಬರಿ ಬಡಿಸಿದ ಕೂಡಲೇ ನೊಣ ಮುತ್ತಿದವು. ಅಂಥ ಸೆಕೆಯಲ್ಲೂ ಕಿಟಕಿಗಳೆಲ್ಲ ಮುಚ್ಚಿದ್ದವು. ಯಾಕೆ ಎಂದು ಕೇಳಿದ್ದಕ್ಕೆ ಅವರ ತಾಯಿ, "ತೆಗೆದ್ರೆ ನಿಮ್ಮೂರಿನ ಕಸದ ವಾಸನೆ ಒಳಗೆ ಬರುತ್ತಮ್ಮ" ಎಂದರು. ಮೋಡ ಆಗಿದೆ, ಮಳೆ ಬರಬಹುದು ಅನ್ನುವಷ್ಟು ಸಹಜವಾಗಿ ಹೇಳಿದರು. ಮಾವಳ್ಳಿಪುರಕ್ಕೆ ಕಸ ಹೋಗುವುದು ಹಿಂದಿನ ವರ್ಷವೇ ನಿಂತು, ಬೆಂಗಳೂರಿನ ಲಾರಿಗಳು ಮಂಡೂರಿನ ದಾರಿ ಹಿಡಿದಿದ್ದವು. ನಿನ್ನೆ ನಾನು ಎಸೆದ ಸಾರಿನ ಗಷ್ಟು, ಹಾಲಿನ ಕವರು, ಮುರಿದ ಬಳೆ ಎಲ್ಲ ಒಂದೇ ಚೀಲದಲ್ಲಿ ಇಲ್ಲೇ ಎಲ್ಲೋ ಬಿದ್ದಿರಬೇಕು ಅನ್ನಿಸಿದಾಗ ಪಾಯಸ ಗಂಟಲಲ್ಲಿ ಇಳಿಯಲಿಲ್ಲ.

ಕಸ ಬೇರ್ಪಡಿಸಿ ಕೊಡಬೇಕೆಂಬ ನಿಯಮ 2012ರ ಅಕ್ಟೋಬರ್‌ನಲ್ಲೇ ಬಂದಿತ್ತು. ನನಗೂ ಗೊತ್ತಿತ್ತು. ಮಾಡಿರಲಿಲ್ಲ, ಅಷ್ಟೆ. ಮನೆಗೆ ಬಂದು ಮೂರು ಪಾತ್ರೆ ಇಟ್ಟೆ. "ಲೋಕದ ಡೊಂಕು ತಿದ್ದೋಕೆ ಹೊರಟಿದೀಯಾ?" ಎಂದು ನಮ್ಮವರು ಕೇಳಿದರು. ಲೋಕದ ಯೋಚನೆ ನನಗೆ ಇರಲಿಲ್ಲ. ಆ ತಾಯಿಯ ಕಿಟಕಿಯೊಂದೇ ಕಣ್ಣಮುಂದೆ ಇತ್ತು.

ಮೊದಲ ಗೊಬ್ಬರ ಪೂರ್ತಿ ಕೆಟ್ಟಿತು. ಮುಚ್ಚಳದ ಪ್ಲಾಸ್ಟಿಕ್ ಬಕೆಟ್ಟಿಗೆ ದಿನದ ಹಸಿ ಕಸ ಸುರಿದು ಮುಚ್ಚುತ್ತಿದ್ದೆ. ಹತ್ತೇ ದಿನಕ್ಕೆ ಕೆಳಗೆ ನೀರು ನಿಂತು, ಹುಳವಾಗಿ, ಹಿತ್ತಲಿಗೆ ಕಾಲಿಡಲು ಆಗದಷ್ಟು ನಾತ. ತಪ್ಪು ಎರಡು: ಗಾಳಿ ಇರಲಿಲ್ಲ, ಒಣ ಪದಾರ್ಥ ಇರಲಿಲ್ಲ. ಹಳೆಯ ಡ್ರಮ್ಮಿನ ಸುತ್ತಲೂ ತಳಕ್ಕೂ ತೂತು ಕೊರೆಸಿ, ಇಟ್ಟಿಗೆಯ ಮೇಲೆ ಎತ್ತರಿಸಿ ಇಟ್ಟೆ. ತಳಕ್ಕೆ ತೆಂಗಿನ ನಾರು, ಅದರ ಮೇಲೆ ತರಗೆಲೆ. ಒಂದು ಬೊಗಸೆ ಹಸಿ ಕಸ ಬಿದ್ದರೆ ಅದರ ಮೇಲೆ ಎರಡು ಬೊಗಸೆ ಒಣ ಎಲೆ ಬೀಳಲೇಬೇಕು. ಮಿಕ್ಕ ಸಾರು, ಹುಳಿ ಇದ್ದರೆ ನೀರು ಬಸಿದು ಗಷ್ಟು ಮಾತ್ರ ಹಾಕುತ್ತೇನೆ. ವಾರಕ್ಕೊಮ್ಮೆ ಕೋಲಿನಿಂದ ತಳದವರೆಗೆ ಕೆದಕಿ, ಒಣಗಿದಂತೆ ಕಂಡರೆ ಹುಳಿ ಮಜ್ಜಿಗೆ ಚಿಮುಕಿಸುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಅದೇ ಹದ. ಬಿಳಿ ಬೂಷ್ಟು ಕಂಡರೆ ಹೆದರಬೇಡಿ, ಕೆಲಸ ನಡೆಯುತ್ತಿದೆ ಎಂದರ್ಥ. ಚಳಿಗಾಲದ ಬೆಳಿಗ್ಗೆ ಕೆದಕಿದರೆ ಬಿಸಿ ಹಬೆ ಏಳುತ್ತದೆ. ಎರಡು ತಿಂಗಳು ಕಳೆದ ಮೇಲೆ ಜರಡಿ ಹಿಡಿದಾಗ ಬಿದ್ದ ಕಪ್ಪು ಪುಡಿಯಲ್ಲಿ ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಇತ್ತು. ಅವತ್ತು ಅದನ್ನು ಎಷ್ಟು ಹೊತ್ತು ಮೂಸುತ್ತಾ ಕೂತಿದ್ದೆನೋ.

ಕಲಿಯಲು ಇನ್ನೂ ಬಹಳ ಇತ್ತು. ತೆಂಗಿನ ಚಿಪ್ಪು, ಮಾವಿನ ಓಟೆ ಕರಗಲು ವರ್ಷಗಳೇ ಬೇಕು. ಗೌರಿ ಹಬ್ಬದ ಬಾಳೆಎಲೆಯನ್ನು ಇಡಿಯಾಗಿ ಹಾಕಿದರೆ ಗಾಳಿಯಾಡದೆ ಕೊಳೆಯುತ್ತದೆ, ಕತ್ತರಿಸಿ ಹಾಕಬೇಕು. ಹಿತಕಿದ ಬೇಳೆ ಮಾಡುವ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಸಿಪ್ಪೆಯ ರಾಶಿ. ಅವರೆ ಸಿಪ್ಪೆಯಷ್ಟು ಬೇಗ ಬಿಸಿಯೇರಿ ಗೊಬ್ಬರವಾಗುವ ಪದಾರ್ಥವನ್ನು ನಾನು ಇನ್ನೊಂದು ಕಂಡಿಲ್ಲ.

ಒಂದು ವರ್ಷ ಹೀಗೆ ನಡೆಯಿತು. ಆಮೇಲೊಂದು ಬೆಳಿಗ್ಗೆ, ನಾನು ಬೇರೆ ಬೇರೆಯಾಗಿ ಕೊಟ್ಟದ್ದನ್ನು ಕಸದ ಆಟೋದಲ್ಲಿ ಎಲ್ಲರ ಕಸದ ಮೇಲೆ ಸುರಿದದ್ದನ್ನು ಗೇಟಿನಲ್ಲಿ ನಿಂತು ನೋಡಿದೆ. ಚೆನ್ನಾಗಿ ತೊಳೆದು ಒಣಗಿಸಿದ ಹಾಲಿನ ಕವರುಗಳು ಯಾರದೋ ಮನೆಯ ಹಳಸಿದ ಅನ್ನದೊಳಗೆ ಬಿದ್ದವು. ಕಣ್ಣಲ್ಲಿ ನೀರು ಬಂತು. ನಾನೊಬ್ಬಳು ಮಾಡಿ ಏನಾಗಬೇಕು ಎಂದು ಬಿಟ್ಟುಬಿಟ್ಟೆ. ಮೂರು ವಾರ ಮತ್ತೆ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿದೆ.

ನಾಲ್ಕನೇ ವಾರ ನಮ್ಮ ಕ್ರಾಸಿನ ಪೌರಕಾರ್ಮಿಕರ ಅಂಗೈಗೆ ಬಟ್ಟೆ ಸುತ್ತಿತ್ತು. ಏನಾಯಿತು ಎಂದು ಕೇಳಿದೆ. ಹೇಳಲು ಹಿಂದೆ ಮುಂದೆ ನೋಡಿದರು. ನಮ್ಮ ಚೀಲದಲ್ಲಿದ್ದ ಉಪ್ಪಿನಕಾಯಿ ಜಾಡಿಯ ಚೂರು. "ನಿಮ್ಮನೆ ಚೀಲ ಒಂದಕ್ಕೆ ನೋಡ್ದೆ ಕೈ ಹಾಕ್ತಿದ್ದೆ ಅಮ್ಮಾ" ಎಂದರು. ಅಷ್ಟೇ ಹೇಳಿದ್ದು, ಮತ್ತೆ ಗಾಡಿ ತಳ್ಳಿಕೊಂಡು ಮುಂದೆ ಹೋದರು.

ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಇಡೀ ವರ್ಷ ನಾನು ಕಸ ಎಲ್ಲಿ ಹೋಗಿ ಬೀಳುತ್ತದೆ ಎಂಬುದನ್ನಷ್ಟೇ ಯೋಚಿಸಿದ್ದೆ. ಅದು ಮೊದಲು ಒಬ್ಬರ ಕೈಗೆ ಬೀಳುತ್ತದೆ ಎಂಬುದು ತಲೆಗೆ ಬಂದೇ ಇರಲಿಲ್ಲ. ಆಟೋದಲ್ಲಿ ಬೆರೆಸಿದರೂ ಸರಿ, ಆ ಕೈಯ ಮಟ್ಟಿಗೆ ನನ್ನ ಕೆಲಸ ಪೂರ್ತಿಯಾಗಿಯೇ ಮುಟ್ಟಿತ್ತು. ಅದನ್ನು ವ್ಯರ್ಥ ಎಂದು ನಿಲ್ಲಿಸಿದವಳು ನಾನು. ಅಂದಿನಿಂದ ಒಡೆದ ಗಾಜನ್ನು ನಾಲ್ಕು ಪದರ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಮೇಲೆ "ಗಾಜು" ಎಂದು ಬರೆದು ಕೈಗೇ ಕೊಡುತ್ತೇನೆ. ಸ್ಯಾನಿಟರಿ ಪ್ಯಾಡುಗಳನ್ನು ಬೇರೆ ಸುತ್ತಿ ಕೆಂಪು ಗುರುತು ಹಾಕುತ್ತೇವೆ. ಇದನ್ನು ಮನೆಯ ಗಂಡಸರೂ ಕಲಿಯಬೇಕು, ನಮ್ಮ ಮಗ ಕಲಿತಿದ್ದಾನೆ.

ಅಕ್ಕಪಕ್ಕದವರಿಗೆ ಹೇಳುವುದರಲ್ಲಿ ಮಾತ್ರ ಸೋತೆ. ನಮ್ಮ ಕ್ರಾಸಿನಲ್ಲಿ 22 ಮನೆ. ಕರಪತ್ರ ಬರೆದು ಜೆರಾಕ್ಸ್ ಮಾಡಿಸಿ ಮನೆಮನೆಗೆ ಕೊಟ್ಟೆ. ಒಬ್ಬರೂ ಶುರು ಮಾಡಲಿಲ್ಲ. ಎದುರು ಮನೆಯವರ ಗುಲಾಬಿ ಕುಂಡ ಸೊರಗಿದ್ದು ನೋಡಿ ಎರಡು ಮಗ್ಗು ಗೊಬ್ಬರ ಕೊಟ್ಟು ಬಂದದ್ದು ಬೇರೆ ಯೋಚನೆಯಿಂದಲ್ಲ, ಗಿಡ ಉಳಿಯಲಿ ಎಂದು. ತಿಂಗಳ ಮೇಲೆ ಅವರೇ ಬಂದು, "ರೀ, ಅದು ಹೇಗೆ ಮಾಡ್ತೀರಿ ತೋರಿಸಿ" ಎಂದರು. ಅವರಿಂದ ಅವರ ತಂಗಿಯ ಮನೆ, ಅಲ್ಲಿಂದ ಮೂಲೆಯ ಮನೆ. ಈಗ ಒಂಬತ್ತು ಮನೆಗಳಾಗಿವೆ. ಇನ್ನಿಬ್ಬರು ಶುರು ಮಾಡಿ ಆಮೇಲೆ ನಿಲ್ಲಿಸಿದರು. ಉಳಿದವರು ಬಹುಶಃ ಯಾವತ್ತೂ ಮಾಡುವುದಿಲ್ಲ.

ಇಷ್ಟಾದರೂ ಆಟೋ ನನ್ನಿಂದ ಬದಲಾಗಲಿಲ್ಲ. ಮಂಡೂರಿನವರು ರಸ್ತೆಗಿಳಿದು ಹೋರಾಡಿದ ಮೇಲೆ 2014ರ ಕೊನೆಗೆ ಅಲ್ಲಿಗೆ ಕಸ ಹೋಗುವುದು ನಿಂತಿತು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟು ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯ ಮಾಡಿತು: ಹಸಿರು ಡಬ್ಬದಲ್ಲಿ ಹಸಿ ಕಸ, ಕೆಂಪು ಡಬ್ಬದಲ್ಲಿ ಪ್ಯಾಡು, ಡೈಪರ್‌ನಂಥವು, ಚೀಲದಲ್ಲಿ ಒಣ ಕಸ. ಅದರ ಹಿಂದೆ ಬೇರೆ ಬೇರೆ ವಾರ್ಡುಗಳಲ್ಲಿ ತಮ್ಮ ಮನೆಯಲ್ಲಿ ಮಾಡಿ ನೋಡಿ, ಆಮೇಲೆ ಕೋರ್ಟಿನವರೆಗೂ ಹೋದವರಿದ್ದರು. ನಾನು ಅವರಲ್ಲಿ ಯಾರನ್ನೂ ಕಂಡಿರಲಿಲ್ಲ. ಆದರೆ ಆದೇಶ ಬಂದಾಗ ಅದನ್ನು ಪಾಲಿಸಲು ನಮ್ಮ ಕ್ರಾಸಿನಲ್ಲಿ ನಾಲ್ಕು ಮನೆ ಆಗಲೇ ಸಿದ್ಧವಿದ್ದವು, ಅದು ನನಗೆ ಸಣ್ಣದಲ್ಲ.

"ಒಬ್ಬರಿಂದ ಏನಾಗುತ್ತೆ ಅಂತೀರಿ, ಸಾಲುಮರದ ತಿಮ್ಮಕ್ಕನವರನ್ನು ನೋಡಿ" ಎಂದು ಜನ ಹೇಳುವಾಗಲೆಲ್ಲ ನನಗೆ ಚಿಕ್ಕಯ್ಯನವರ ನೆನಪಾಗುತ್ತದೆ. ಹುಲಿಕಲ್ಲಿನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಸಿಗಳಿಗೆ ಹೆಂಡತಿಯ ಜೊತೆಯಲ್ಲೇ ನೀರು ಹೊತ್ತವರು ಅವರು. ಇಬ್ಬರು ಸೇರಿ ಬೆಳೆಸಿದ ಸಾಲು ಅದು. ಡೊಂಕಿನ ಮಾತು ಆಡಿದ ನಮ್ಮವರು ಈಗ ಭಾನುವಾರ ಬೆಳಿಗ್ಗೆ ಗೋಣಿಚೀಲ ಹಿಡಿದು ರಸ್ತೆಯ ಹೊಂಗೆ ಮರದ ತರಗೆಲೆ ತುಂಬಿ ತರುತ್ತಾರೆ. ಆ ಎಲೆ ಇಲ್ಲದಿದ್ದರೆ ನನ್ನ ಡ್ರಮ್ಮು ಒಂದು ವಾರವೂ ನಡೆಯುವುದಿಲ್ಲ.

ಕಳೆದ ಸಂಕ್ರಾಂತಿಯ ಹೊತ್ತಿಗೆ ನಮ್ಮ ಪೌರಕಾರ್ಮಿಕರಿಗೆ ಬೇರೆ ರಸ್ತೆ ಕೊಟ್ಟರು. ಕೊನೆಯ ದಿನ ಹೊಸ ಹುಡುಗಿಯೊಬ್ಬಳನ್ನು ಕರೆದುಕೊಂಡು ಬಂದಿದ್ದರು. ನಾನು ಎಳ್ಳು ಬೆಲ್ಲ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಗೇಟಿನ ಬಳಿ ನಿಂತು ಮನೆಗಳನ್ನು ಒಂದೊಂದಾಗಿ ಬೆರಳು ಮಾಡಿ ತೋರಿಸುತ್ತಿದ್ದರು. ಇದು, ಎದುರಿನ ಗುಲಾಬಿ ಮನೆ, ಮೂಲೆಯದು, ಅದರ ಪಕ್ಕದ್ದು. ಒಂಬತ್ತನ್ನೂ ಬಿಡದೆ ಎಣಿಸಿದರು. "ಇಲ್ಲೆಲ್ಲ ನೋಡ್ದೆ ಕೈ ಹಾಕ್ಬೋದು" ಎಂದರು. ಆಮೇಲೆ ತಮ್ಮ ಕೈಗವಸುಗಳನ್ನು ಬಿಚ್ಚಿ ಅವಳಿಗೆ ಕೊಟ್ಟು, "ಮಿಕ್ಕಿದ್ ಮನೆ ಹತ್ರ ಇದನ್ನ ಮರೀಬೇಡ" ಎಂದರು.