ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿಗೆ ವೈ-ಫೈ: ಮೊದಲು ಬೀಗ, ಆಮೇಲೆ ಪೆಟ್ಟಿಗೆ

ಬ್ಯಾಡಗಿ ಸೀಮೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಡಬ್ಬಿ ತಳಿಯ ಮೆಣಸಿನಕಾಯಿ ಕೇಳಿದವರ ಲಾರಿಗೆ ಕಡ್ಡಿ ತಳಿಯ ಲಾಟ್ ಏರಿಬಿಟ್ಟಿತ್ತು. ತಪ್ಪೆಲ್ಲ ಹಮಾಲರದ್ದೇ ಎಂದು ಸಾವ್ಕಾರರು ಕೂಗಾಡುತ್ತಿದ್ದರು. ಹೋಗಿ ನೋಡಿದರೆ, ಮೂರನೇ ಚೇಂಬರಿನ ಬಾಗಿಲು ದಾಟಿದ ಕೂಡಲೇ ಬಾರ್‌ಕೋಡ್ ಸ್ಕ್ಯಾನರಿಗೆ ವೈ-ಫೈ ತಪ್ಪುತ್ತಿತ್ತು. ಗುಮಾಸ್ತ ಲಾಟ್ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಹೊರಗೆ ಬಂದು ಕಂಪ್ಯೂಟರಿಗೆ ಹೊಡೆಯುತ್ತಿದ್ದ. ಒಳಗಿನ ಚಳಿಯಿಂದ ಮಾರ್ಚ್ ಬಿಸಿಲಿಗೆ ಬಂದ ಅಂಗೈ ಬೆವರಿ, 6 ಹೋಗಿ 0 ಆಗಿತ್ತು.

“ಅಲ್ರೀ, ಅಂಗಡ್ಯಾಗ ಇದ್ದದ್ರಾಗ ಎಲ್ಲಕ್ಕಿಂತ ತುಟ್ಟೀದ ತಂದೇನಲ್ರೀ” ಎಂದರು ಸಾವ್ಕಾರರು. ಅದು ನಿಜವೇ. ಇನ್ನೊಂದು ನಿಜವೆಂದರೆ, ವೇ ಬ್ರಿಡ್ಜ್ ಕ್ಯಾಬಿನ್ನಿನ ಗಾಜಿಗೆ ಅಂಟಿಸಿದ್ದ ಚೀಟಿಯಲ್ಲಿ ವೈ-ಫೈ ಪಾಸ್‌ವರ್ಡ್ ಇತ್ತು. ಅದು ಸಾವ್ಕಾರರ ಮೊಬೈಲ್ ನಂಬರು. ಅದೇ ನಂಬರು ಗೇಟಿನ ಬೋರ್ಡಿನಲ್ಲೂ ಗೇಣುದ್ದ ಅಕ್ಷರದಲ್ಲಿತ್ತು.

ಹದಿನಾಲ್ಕು ವರ್ಷಗಳಿಂದ ಗೋದಾಮು, ಗಿರಣಿ, ಕಾರ್ಖಾನೆಗಳಿಗೆ ವೈ-ಫೈ ಕಟ್ಟುತ್ತಿದ್ದೇನೆ. ಹೆಚ್ಚಿನವರು ಆ್ಯಕ್ಸೆಸ್ ಪಾಯಿಂಟನ್ನು, ಅಂದರೆ ವೈ-ಫೈ ಹರಡುವ ಪೆಟ್ಟಿಗೆಯನ್ನು, ಡಬ್ಬದ ಮೇಲಿನ ಅಂಕಿ ನೋಡಿ ಕೊಳ್ಳುತ್ತಾರೆ. ನಾನು ಹೇಳುವ ಕ್ರಮ ಇದಕ್ಕೆ ತಿರುಗಮುರುಗ: ಬೀಗ, ಅಂದರೆ ಜಾಲದ ಭದ್ರತೆ, ಮೊದಲು; ಪೆಟ್ಟಿಗೆ ಆಮೇಲೆ.

ಹೆಜ್ಜೆ 1: ಎಲ್ಲಕ್ಕಿಂತ ಹಳೆಯ ಸ್ಕ್ಯಾನರನ್ನು ಕೈಗೆ ತೆಗೆದುಕೊಳ್ಳಿ

ವೈ-ಫೈಗೆ ಸೇರುವ ಪ್ರತಿಯೊಂದು ಸಾಧನದ ಪಟ್ಟಿ ಮಾಡಿ: ಸ್ಕ್ಯಾನರ್, ಲೇಬಲ್ ಪ್ರಿಂಟರ್, ತಾಪಮಾನ ದಾಖಲಿಸುವ ಸೆನ್ಸರ್, ಕ್ಯಾಮೆರಾ, ಮಾಲೀಕರ ಫೋನು. ಪ್ರತಿಯೊಂದರ ಮುಂದೆ ಎರಡೇ ಪ್ರಶ್ನೆ ಬರೆಯಿರಿ. ಇದಕ್ಕೆ 5 ಗಿಗಾಹರ್ಟ್ಸ್ ಬರುತ್ತದೆಯೇ? ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ಪದ್ಧತಿ ಗೊತ್ತಿದೆಯೇ? ಪಟ್ಟಿಯಲ್ಲಿ ಅತಿ ಹಳೆಯದಾಗಿ ಉಳಿಯುವ ಸಾಧನವೇ ನಿಮ್ಮ ಇಡೀ ಜಾಲದ ಮಟ್ಟ ನಿರ್ಧರಿಸುತ್ತದೆ. ಅದು ಹಳೆಯ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲದ್ದಾದರೆ ಹೊಸ ತಲೆಮಾರಿನ ವೈ-ಫೈ 7 ಪೆಟ್ಟಿಗೆ ತಂದರೂ ಅದರ ಪಾಲಿಗೆ ಏನೂ ಬದಲಾಗುವುದಿಲ್ಲ.

6 ಗಿಗಾಹರ್ಟ್ಸ್ ಹೆಸರಿನಲ್ಲಿ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. ನಮ್ಮಲ್ಲಿ 5925ರಿಂದ 6425 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಪರವಾನಗಿಮುಕ್ತ ಮಾಡುವ ಕರಡು ನಿಯಮವೇ ಬಂದದ್ದು 2025ರ ಮೇ ತಿಂಗಳಲ್ಲಿ. ನಿಮ್ಮ ಸ್ಕ್ಯಾನರ್ ಅದಕ್ಕೂ ಎಷ್ಟೋ ವರ್ಷ ಹಿಂದೆ ಹುಟ್ಟಿದ್ದು.

ಹೆಜ್ಜೆ 2: ಬೀಗ ಯಾವುದೆಂದು ತೀರ್ಮಾನಿಸಿ

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಆ ಮೊಬೈಲ್ ನಂಬರಿನ ಲೆಕ್ಕ. 2004ರಲ್ಲಿ ಬಂದ ಡಬ್ಲ್ಯುಪಿಎ2 ಪದ್ಧತಿಯಲ್ಲಿ, ಒಂದು ಫೋನು ಜಾಲಕ್ಕೆ ಸೇರುವಾಗ ನಡೆಯುವ ನಾಲ್ಕು ಸುತ್ತಿನ ಮಾತುಕತೆಯನ್ನು ಕಾಂಪೌಂಡಿನ ಹೊರಗೆ ನಿಂತವನೂ ಹಿಡಿದಿಟ್ಟುಕೊಳ್ಳಬಹುದು. ಆಮೇಲೆ ಮನೆಗೆ ಹೋಗಿ ಪುರುಸೊತ್ತಿನಲ್ಲಿ ಪಾಸ್‌ವರ್ಡ್ ಊಹಿಸುತ್ತಾ ಕೂರಬಹುದು. ನಿಮ್ಮ ಪೆಟ್ಟಿಗೆಗೆ ಇದರ ಸುಳಿವೇ ಸಿಗುವುದಿಲ್ಲ. ಮೊಬೈಲ್ ನಂಬರು ಹತ್ತು ಅಂಕಿ. ಶುರುವಾಗುವುದು 6, 7, 8 ಅಥವಾ 9ರಿಂದ. ಒಟ್ಟು 400 ಕೋಟಿ ಸಾಧ್ಯತೆ. ಬಹಳ ಅನ್ನಿಸುತ್ತದೆ, ಅಲ್ಲವೇ? ಹುಡುಗರು ಆಟಕ್ಕೆ ಕೊಳ್ಳುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಊಹೆ ಮಾಡುತ್ತದೆ. ಹತ್ತು ಲಕ್ಷವೇ ಎಂದಿಟ್ಟುಕೊಂಡರೂ 4000 ಸೆಕೆಂಡು, ಅಂದರೆ ಒಂದು ಗಂಟೆ ಏಳು ನಿಮಿಷ. ಗೇಟಿನ ಬೋರ್ಡು ಓದಿದವನಿಗೆ ಅಷ್ಟೂ ಬೇಡ.

ಎರಡನೆಯದು, ಒಂದೇ ಪಾಸ್‌ವರ್ಡನ್ನು ಎಲ್ಲರೂ ಹಂಚಿಕೊಂಡಾಗ ಆಗುವ ತೊಂದರೆ. ಡಬ್ಲ್ಯುಪಿಎ2ರಲ್ಲಿ ಆ ಪಾಸ್‌ವರ್ಡ್ ಗೊತ್ತಿದ್ದವನು ಆ ಮಾತುಕತೆಯನ್ನೂ ಹಿಡಿದರೆ ಬೇರೆಯವರ ಸಂದೇಶದ ಗೂಢಲಿಪಿಯನ್ನು ಬಿಡಿಸಬಲ್ಲ. ಕೆಲಸ ಬಿಟ್ಟುಹೋದ ಗುಮಾಸ್ತನ ಫೋನಿನಲ್ಲಿ ಅದು ಉಳಿದೇ ಇರುತ್ತದೆ. ಬದಲಾಯಿಸೋಣವೆಂದರೆ ಅರವತ್ತು ಸ್ಕ್ಯಾನರಿಗೂ ಹೊಸತಾಗಿ ಹೊಡೆಯಬೇಕು. ಆದ್ದರಿಂದ ಯಾರೂ ಬದಲಾಯಿಸುವುದಿಲ್ಲ. ಐದು ವರ್ಷದಿಂದ ಅದೇ ಪಾಸ್‌ವರ್ಡ್ ಇರುವ ಗೋದಾಮುಗಳನ್ನು ನಾನೇ ಬಲ್ಲೆ.

2018ರಲ್ಲಿ ಬಂದ ಡಬ್ಲ್ಯುಪಿಎ3ರಲ್ಲಿ ಊಹೆಯ ಆಟಕ್ಕೂ ಬೇರೆಯವರ ಸಂದೇಶ ಬಿಡಿಸುವುದಕ್ಕೂ ಮದ್ದಿದೆ; ಬಿಟ್ಟುಹೋದವನ ಫೋನಿನಲ್ಲಿ ಉಳಿದ ಪಾಸ್‌ವರ್ಡಿಗೆ ಮಾತ್ರ ಇಲ್ಲ. ಹಿಡಿದುಕೊಂಡು ಹೋಗಿ ಊಹಿಸುವ ಆಟ ಅದರಲ್ಲಿ ನಡೆಯುವುದಿಲ್ಲ. ಪ್ರತಿ ಊಹೆಗೂ ಜಾಲದ ಎದುರಿಗೆ ಬಂದು ನಿಲ್ಲಬೇಕು. ಸಾಧನಗಳನ್ನು ಸುಳ್ಳು ಸಂದೇಶ ಕಳಿಸಿ ಜಾಲದಿಂದ ಹೊರದಬ್ಬುವ ಕಿತಾಪತಿಗೂ ಅದರಲ್ಲಿ ತಡೆ ಕಡ್ಡಾಯ. ಕೆಲವೇ ನೂರು ರೂಪಾಯಿಯ ಪುಟ್ಟ ಬೋರ್ಡಿನಿಂದ ಆ ಕಿತಾಪತಿ ಮಾಡಬಹುದಾದ್ದರಿಂದ, ಲಾರಿ ತುಂಬುವ ಹೊತ್ತಿನಲ್ಲಿ ಸ್ಕ್ಯಾನರುಗಳೆಲ್ಲ ಒಟ್ಟಿಗೆ ಸುಮ್ಮನಾಗುವುದು ಬರೀ ಕಲ್ಪನೆಯಲ್ಲ. 2020ರ ಜುಲೈಯಿಂದೀಚೆಗೆ ವೈ-ಫೈ ಅಲಯನ್ಸ್‌ನ ಪ್ರಮಾಣಪತ್ರ ಪಡೆಯುವ ಹೊಸ ಸಾಧನಕ್ಕೆಲ್ಲ ಡಬ್ಲ್ಯುಪಿಎ3 ಇರಲೇಬೇಕು. ಹಾಗಾಗಿ ಇದು ಇಲ್ಲದ ಆ್ಯಕ್ಸೆಸ್ ಪಾಯಿಂಟನ್ನು ಅರ್ಧ ಬೆಲೆಗೆ ಕೊಟ್ಟರೂ ಮುಟ್ಟಬೇಡಿ.

ಆದರೆ ಹಳೆಯ ಸ್ಕ್ಯಾನರಿಗೆ ಡಬ್ಲ್ಯುಪಿಎ3 ಬರದಿದ್ದರೆ? ಇನ್‌ಸ್ಟಾಲ್ ಮಾಡಲು ಬಂದ ಹುಡುಗ ‘ಎರಡೂ ನಡೆಯುತ್ತೆ ಸಾರ್’ ಎಂದು ಮಿಶ್ರ ವಿಧಾನಕ್ಕೆ ಹಾಕಿ ಹೋಗುತ್ತಾನೆ. ನಾನು ಅದನ್ನು ಒಪ್ಪುವುದಿಲ್ಲ. ಎರಡಕ್ಕೂ ಪಾಸ್‌ವರ್ಡ್ ಒಂದೇ ಆಗಿರುವುದರಿಂದ ಹಳೆಯ ಬಾಗಿಲಲ್ಲಿ ಒಡೆದದ್ದು ಹೊಸ ಬಾಗಿಲನ್ನೂ ತೆರೆಯುತ್ತದೆ. ಎರಡು ಬೇರೆ ಹೆಸರಿನ ಜಾಲ ಮಾಡಿ. ಹೊಸದಕ್ಕೆ ಡಬ್ಲ್ಯುಪಿಎ3 ಮಾತ್ರ. ಹಳೆಯ ಸ್ಕ್ಯಾನರುಗಳಿಗೆ ಇಪ್ಪತ್ತಕ್ಕೂ ಹೆಚ್ಚು ಅಕ್ಷರದ, ಅರ್ಥವಿಲ್ಲದ ಪಾಸ್‌ವರ್ಡಿನ ಪ್ರತ್ಯೇಕ ಜಾಲ. ಅದರಿಂದ ಸ್ಟಾಕ್ ಸರ್ವರ್ ಒಂದಕ್ಕೆ ಬಿಟ್ಟು ಬೇರೆಲ್ಲಿಗೂ ದಾರಿ ಇರಕೂಡದು.

ಇನ್ನೂ ಗಟ್ಟಿ ಬೀಗ ಬೇಕೆಂದರೆ 802.1ಎಕ್ಸ್ ಎಂಬ ಪದ್ಧತಿ. ಇಲ್ಲಿ ಹಂಚಿಕೊಳ್ಳುವ ಪಾಸ್‌ವರ್ಡೇ ಇಲ್ಲ. ಪ್ರತಿ ಸ್ಕ್ಯಾನರಿಗೂ ಅದರದೇ ಡಿಜಿಟಲ್ ಪ್ರಮಾಣಪತ್ರ. ರೇಡಿಯಸ್ ಎಂಬ ಸರ್ವರ್ ಅದನ್ನು ನೋಡಿ ಒಳಗೆ ಬಿಡುತ್ತದೆ. ಫ್ರೀರೇಡಿಯಸ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಕಳೆದುಹೋದ ಸ್ಕ್ಯಾನರಿನ ಪತ್ರವನ್ನಷ್ಟೇ ರದ್ದು ಮಾಡಿದರಾಯಿತು. ಐವತ್ತಕ್ಕಿಂತ ಹೆಚ್ಚು ಸಾಧನ ಇದ್ದಲ್ಲಿ ನನ್ನ ಆಯ್ಕೆ ಇದೇ. ಆದರೆ ಅನುಭವಿಸಿದ ಮೂರು ಪೇಚುಗಳನ್ನು ಹೇಳಿಬಿಡುತ್ತೇನೆ. ಪ್ರಮಾಣಪತ್ರಗಳ ಅವಧಿ ಒಂದೇ ದಿನ ಮುಗಿದರೆ ಅಂದು ಬೆಳಗ್ಗೆ ಒಂದು ಸ್ಕ್ಯಾನರೂ ಏಳುವುದಿಲ್ಲ. ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಬ್ಯಾಟರಿ ಪೂರ್ತಿ ಇಳಿದ ಸ್ಕ್ಯಾನರಿನ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ, ಆಗ ಅದಕ್ಕೆ ಸರ್ವರಿನ ಪತ್ರ ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ಕಾಣುತ್ತದೆ. ಜಾಲಕ್ಕೆ ಸೇರದ ಸ್ಕ್ಯಾನರಿನಲ್ಲಿ ಮೊದಲು ತಾರೀಕು ನೋಡಿ. ಮೂರನೆಯದು, ಸರ್ವರಿನ ಪತ್ರವನ್ನು ಪರೀಕ್ಷಿಸಬೇಡ ಎಂಬ ಆಯ್ಕೆ ಒತ್ತಿ ಕೆಲಸ ಮುಗಿಸುವ ಚಾಳಿ. ಹಾಗೆ ಮಾಡಿದರೆ ನಿಮ್ಮದೇ ಹೆಸರಿನ ಕಳ್ಳ ಜಾಲಕ್ಕೂ ಸಾಧನ ಕೈಕುಲುಕುತ್ತದೆ.

ಸಣ್ಣ ಗೋದಾಮಿಗೆ ಇಷ್ಟೆಲ್ಲ ಬೇಡವೆಂದರೆ ನಡುವಿನ ದಾರಿಯೊಂದಿದೆ: ಜಾಲದ ಹೆಸರು ಒಂದೇ, ಆದರೆ ಸಾಧನಕ್ಕೊಂದು ಪಾಸ್‌ವರ್ಡ್. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ. ಬಹುಪಾಲು ಕಂಪನಿಗಳಲ್ಲಿ ಇದು ಡಬ್ಲ್ಯುಪಿಎ2ರ ಮೇಲೆಯೇ ನಡೆಯುವುದಾದರೂ, ಬಿಟ್ಟುಹೋದವನ ಕೀಲಿಯನ್ನಷ್ಟೇ ಕಿತ್ತುಹಾಕಬಹುದು. ಇದು ಇದೆಯೇ ಎಂದು ಕೇಳಿಯೇ ಪೆಟ್ಟಿಗೆ ಆರಿಸಿ.

ಅಡ್ಡದಾರಿಗಳೂ ಎರಡಿವೆ: ಜಾಲದ ಹೆಸರು ಅಡಗಿಸುವುದು, ಪ್ರತಿ ಸಾಧನಕ್ಕಿರುವ ಗುರುತಿನ ಸಂಖ್ಯೆಯಾದ ಮ್ಯಾಕ್ ವಿಳಾಸ ನೋಡಿ ಒಳಬಿಡುವುದು. ಎರಡೂ ಬಾಗಿಲಿಗೆ ಪರದೆ ಕಟ್ಟಿದ ಹಾಗೆ. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯುಪಿಎಸ್ ಇದ್ದರೆ ಇಂದೇ ಬಂದ್ ಮಾಡಿ.

ಹೆಜ್ಜೆ 3: ಒಳಗೆ ಗೋಡೆ ಕಟ್ಟಿ

ಕ್ಯಾಮೆರಾ, ವೇ ಬ್ರಿಡ್ಜ್, ಲೆಕ್ಕಪತ್ರದ ಸರ್ವರ್, ದಲಾಲರ ಫೋನು ಎಲ್ಲ ಒಂದೇ ಜಾಲದಲ್ಲಿದ್ದರೆ ಬೀಗ ಎಷ್ಟು ಗಟ್ಟಿಯಿದ್ದರೂ ದಂಡ. ವಿ-ಲ್ಯಾನ್, ಅಂದರೆ ಒಂದೇ ಜಾಲದೊಳಗೆ ಬೇರೆ ಬೇರೆ ಪಾಲು, ಮಾಡಿ ಬೇರ್ಪಡಿಸಿ. ಬಂದವರಿಗೆ ಕೊಡುವ ವೈ-ಫೈ ಓಟಿಪಿ ಪಡೆದೇ ತೆರೆಯಲಿ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ಹೊತ್ತಿಗೆ ಕಳಿಸಿದ ಇಮೇಲ್, ನವಿ ಮುಂಬೈಯ ಒಬ್ಬರ ಮನೆಯ ವೈ-ಫೈ ಮೂಲಕ ಹೋಗಿತ್ತು. ಪೊಲೀಸರು ಮೊದಲು ಬಾಗಿಲು ತಟ್ಟಿದ್ದು ಅವರದ್ದನ್ನೇ.

ಹೆಜ್ಜೆ 4: ಚೇಂಬರು ತುಂಬಿದಾಗ ಅಳೆಯಿರಿ

ಬ್ಯಾಡಗಿಗೆ ಆವಕ ಜೋರಾಗುವುದು ಜನವರಿಯ ನಂತರ. ವೈ-ಫೈ ಹಾಕುವವರು ಬರುವುದು ಮಾತ್ರ ಚೇಂಬರು ಖಾಲಿಯಿರುವ ನವೆಂಬರಿನಲ್ಲಿ. ಆಗ ಸಿಗ್ನಲ್ ಎಲ್ಲ ಕಡೆ ಚೆನ್ನಾಗಿಯೇ ಇರುತ್ತದೆ! ಒಣಗಿದ ಮೆಣಸಿನಕಾಯಿಯಲ್ಲೂ ಸುಮಾರು ಹತ್ತರಲ್ಲೊಂದು ಪಾಲು ನೀರಿರುತ್ತದೆ. ಚೀಲದ ಅಟ್ಟಿ ಛಾವಣಿಯವರೆಗೆ ಏರಿದ ಮೇಲೆ ಅದು ರೇಡಿಯೊ ಅಲೆಯನ್ನು ಹೀರುತ್ತದೆ. ಚೇಂಬರಿನ ಗೋಡೆಯಾದ, ನಡುವೆ ಫೋಮ್ ತುಂಬಿದ ಪಫ್ ಪ್ಯಾನೆಲ್ಲಿನ ಎರಡೂ ಬದಿಗೆ ತಗಡು ಇರುವುದರಿಂದ ಬಾಗಿಲು ಮುಚ್ಚಿದ ಚೇಂಬರು ರೇಡಿಯೊ ಅಲೆಯ ಪಾಲಿಗೆ ಮುಚ್ಚಿದ ಡಬ್ಬಿ. ಕಾರಿಡಾರಿನಲ್ಲಿ ಒಂದು ದೊಡ್ಡ ಪೆಟ್ಟಿಗೆ ಇಟ್ಟು ನಾಲ್ಕು ಚೇಂಬರು ಸಂಭಾಳಿಸುತ್ತೇನೆ ಎನ್ನುವವನನ್ನು ನಂಬಬೇಡಿ. ಚೇಂಬರಿಗೆ ಕನಿಷ್ಠ ಒಂದು ಬೇಕು. ಚೀಲಗಳ ನಡುವಿನ ಓಣಿಯ ನೇರಕ್ಕೆ, ಛಾವಣಿಯಲ್ಲಿ.

ಅಳತೆ ಹೀಗೆ: ಬಾಗಿಲು ಮುಚ್ಚಿ, ಕೊನೆಯ ಅಟ್ಟಿಯ ಹಿಂದೆ ನಿಂತು, ಆ ಹಳೆಯ ಸ್ಕ್ಯಾನರಿನಲ್ಲೇ ನೋಡಿ. ಸಿಗ್ನಲ್ಲಿನ ಬಲ ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಚೆನ್ನಾಗಿರಬೇಕು. ಮೈನಸ್ 70 ಬಂದರೆ ‘ಮೂರೇ ಕಡಿಮೆ’ ಅನ್ನಬೇಡಿ, ಮೂರು ಕಡಿಮೆಯೆಂದರೆ ಶಕ್ತಿ ಅರ್ಧ.

ಸಿಗ್ನಲ್ ಸಾಲದೆಂದು ಪವರ್ ಪೂರ್ತಿ ಏರಿಸುವವರಿಗೆ ಒಂದು ಮಾತು. ಆ್ಯಕ್ಸೆಸ್ ಪಾಯಿಂಟ್ 200 ಮಿಲಿವ್ಯಾಟಿನಲ್ಲಿ ಕೂಗಿದರೆ ಸ್ಕ್ಯಾನರ್ 30ರ ಆಸುಪಾಸಿನಲ್ಲಿ ಪಿಸುಗುಡುತ್ತದೆ. ಇವನ ಕೂಗು ಅವನಿಗೆ ಕೇಳಿ ಐದು ಗೆರೆ ಕಾಣುತ್ತದೆ, ಅವನ ಪಿಸುಮಾತು ಇವನಿಗೆ ಮುಟ್ಟುವುದಿಲ್ಲ. ಜೊತೆಗೆ, ಸ್ಕ್ಯಾನರ್ ಮೊದಲು ಹಿಡಿದ ಪೆಟ್ಟಿಗೆಯನ್ನೇ ಜಿಗಣೆಯಂತೆ ಅಂಟಿಕೊಂಡು ಮುಂದಿನ ಚೇಂಬರಿನಲ್ಲಿ ಒದ್ದಾಡುತ್ತದೆ. ಪವರ್ ಇಳಿಸಿ, ಪೆಟ್ಟಿಗೆ ಹೆಚ್ಚಿಸಿ. 2.4ರಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಬೇಡ.

ಹೆಜ್ಜೆ 5: ಈಗ ಪೆಟ್ಟಿಗೆ

ವಿವರಪಟ್ಟಿಯಲ್ಲಿ ‘ತೇವಾಂಶ 95 ಪ್ರತಿಶತ, ನಾನ್-ಕಂಡೆನ್ಸಿಂಗ್’ ಎಂದು ಬರೆದಿದ್ದರೆ ಅಲ್ಲೇ ನಿಲ್ಲಿ. ಗಾಳಿಯಲ್ಲಿ ತೇವ ಇರಬಹುದು, ಹನಿಗಟ್ಟಬಾರದು ಎಂದು ಅದರ ಅರ್ಥ. ಕೋಲ್ಡ್ ಸ್ಟೋರೇಜಿನಲ್ಲಿ ಬಾಗಿಲು ತೆರೆದಾಗಲೆಲ್ಲ ಹನಿಗಟ್ಟುತ್ತದೆ. ಚೇಂಬರಿನೊಳಗೆ ಧೂಳು, ನೀರು ಒಳಹೋಗದ ಐಪಿ67 ದರ್ಜೆಯದ್ದೇ ಬೇಕು. ಕೇಬಲ್ ಬರುವ ಕೊಳವೆಯ ಎರಡೂ ತುದಿಯನ್ನು ಫೋಮ್ ಹಾಕಿ ಮುಚ್ಚಿಸಿ, ಇಲ್ಲವಾದರೆ ಹೊರಗಿನ ಬಿಸಿಗಾಳಿ ಅದರೊಳಗೇ ಬಂದು ನೀರಾಗಿ ನೇರ ಪೋರ್ಟಿಗೆ ತೊಟ್ಟಿಕ್ಕುತ್ತದೆ. ಅಮೋನಿಯಾ ಪ್ಲಾಂಟ್ ಇದ್ದಲ್ಲಿ ಸ್ವಿಚ್ಚು (ಜಾಲದ ಕೇಬಲ್ಲುಗಳೆಲ್ಲ ಬಂದು ಸೇರುವ ಸಾಧನ) ಅದರ ಹತ್ತಿರ ಬೇಡ; ಅಮೋನಿಯಾ ತಾಮ್ರವನ್ನು ತಿನ್ನುತ್ತದೆ.

ಕಂಪನಿ ಯಾವುದು? ಸಿಸ್ಕೊ, ಅರೂಬಾ, ರಕ್ಕಸ್ ದುಬಾರಿ; ಯೂನಿಫೈ, ಒಮಾಡಾ ಕೈಗೆಟಕುವಂಥವು. (ನಮ್ಮ ಹುಡುಗರು ರಕ್ಕಸ್ ಅನ್ನು ‘ರಕ್ಕಸ’ ಎಂದೇ ಕರೆಯುವುದು, ಬಿಲ್ಲು ನೋಡಿ ಇಟ್ಟ ಹೆಸರು.) ನಾನು ಕಂಪನಿಗಿಂತ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ? 2017ರ ಅಕ್ಟೋಬರಿನಲ್ಲಿ ಡಬ್ಲ್ಯುಪಿಎ2ರ ಕ್ರ್ಯಾಕ್ ಎಂಬ ದೋಷ ಬಯಲಾದಾಗ ತೇಪೆ ಬಾರದೆ ಉಳಿದ ಅಗ್ಗದ ಪೆಟ್ಟಿಗೆಗಳು ಅನೇಕ. ಎರಡನೆಯದು, ಲೈಸೆನ್ಸ್ ಮುಗಿದರೆ ಪೆಟ್ಟಿಗೆ ನಡೆಯುತ್ತದೆಯೇ, ನಿಲ್ಲುತ್ತದೆಯೇ? ನಿಲ್ಲುವಂಥದ್ದೂ ಇದೆ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಹೆಜ್ಜೆ 6: ಕೇಬಲ್, ಕರೆಂಟು, ಕಾಗದ

ಕೇಬಲ್ ಕ್ಯಾಟ್6, ನೂರು ಮೀಟರಿನೊಳಗೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ 305 ಮೀಟರಿನ ಡಬ್ಬ ನಂಬಲಾಗದಷ್ಟು ಅಗ್ಗಕ್ಕೆ ಸಿಕ್ಕರೆ ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ. ಕೇಬಲ್ಲಿನಲ್ಲೇ ಕರೆಂಟು ಹರಿಯುವ ಪಿಒಇಗೆ ಅದು ಶತ್ರು, ಬಿಸಿಯಾಗುತ್ತದೆ, ತುಂಡಾಗುತ್ತದೆ. ಸ್ವಿಚ್ಚು 802.3ಎಟಿ ದರ್ಜೆಯದ್ದಿರಲಿ, ಪೋರ್ಟಿಗೆ 30 ವ್ಯಾಟ್. ಎಲ್ಲ ಪೋರ್ಟಿಗೂ ಒಟ್ಟು ಎಷ್ಟು ವ್ಯಾಟ್ ಎಂಬುದನ್ನು ಬೇರೆಯಾಗಿ ಕೇಳಿ. ವೇ ಬ್ರಿಡ್ಜ್ ಕ್ಯಾಬಿನ್ನಿಗೆ ಫೈಬರ್ ಎಳೆಸಿ. ಏಪ್ರಿಲಿನ ಅಡ್ಡಮಳೆಯ ಒಂದು ಸಿಡಿಲಿಗೆ ಅಂಗಳದ ತಾಮ್ರದ ಕೇಬಲ್ ಮೂಲಕ ಆಫೀಸಿನ ಸ್ವಿಚ್ಚೂ ಸುಟ್ಟುಹೋದದ್ದನ್ನು ಕಂಡಿದ್ದೇನೆ. ಯುಪಿಎಸ್ ಇರಲಿ.

ವೈರ್‌ಲೆಸ್ ಸಾಧನಕ್ಕೆ ದೂರಸಂಪರ್ಕ ಇಲಾಖೆ ಕೊಡುವ ಅನುಮೋದನೆಯಾದ ಇಟಿಎ ಪ್ರಮಾಣಪತ್ರದ ಪ್ರತಿ ಕೇಳಿ. ದುಬೈಯಿಂದ ಬ್ಯಾಗಿನಲ್ಲಿ ಬಂದ ಪೆಟ್ಟಿಗೆಗೆ ಅದೂ ಇರುವುದಿಲ್ಲ, ವಾರಂಟಿಯೂ ಇರುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಕಂಪನಿಗಳು 180 ದಿನದ ಲಾಗ್, ಅಂದರೆ ಜಾಲದ ಚಟುವಟಿಕೆಯ ದಾಖಲೆ, ಇಟ್ಟಿರಬೇಕು, ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್ ಎಲ್ಲಿ ಉಳಿಯುತ್ತದೆ ಎಂದು ತೋರಿಸಲು ಹೇಳಿ.

ಹೆಜ್ಜೆ 7: ದುಡ್ಡು ಕೊಡುವ ಮುನ್ನ

ಹಳೆಯ ಸ್ಕ್ಯಾನರ್ ಹಿಡಿದು ಮೊದಲ ಚೇಂಬರಿನಿಂದ ಕೊನೆಯದರವರೆಗೆ ನಡೆಯುತ್ತಾ ಪ್ರತಿ ಬಾಗಿಲಿನಲ್ಲೂ ಒಂದು ಚೀಲ ಸ್ಕ್ಯಾನ್ ಮಾಡಿ. ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಒಬ್ಬ ಗುಮಾಸ್ತನ ಹೆಸರು ಹೇಳಿ, ‘ಈತ ಇವತ್ತು ಕೆಲಸ ಬಿಟ್ಟ, ಹೊರಗೆ ಹಾಕಿ’ ಎನ್ನಿ. ಐದು ನಿಮಿಷದಲ್ಲಿ ಅವನ ಫೋನೊಂದೇ ಜಾಲದಿಂದ ಬಿದ್ದು ಉಳಿದ ಸ್ಕ್ಯಾನರೆಲ್ಲ ನಡೆಯುತ್ತಿದ್ದರೆ ಚೆಕ್ ಬರೆಯಿರಿ.