ನಮ್ಮ ಮನೆಗಾಡಿಯ ಬ್ಯಾಟರಿ ಡಬ್ಬಿ

ನನ್ನದೊಂದು ಹಳೆಯ ಹತ್ತಿ ಪ್ಯಾಂಟ್ ಇದೆ. ತೊಡೆಯ ಹತ್ತಿರ ಸಣ್ಣ ಸಣ್ಣ ತೂತುಗಳು. ಬ್ಯಾಟರಿ ಡಬ್ಬಿ ಮೊದಲ ಸಲ ತೊಳೆದ ದಿನ ಅದು ಚೆನ್ನಾಗಿಯೇ ಇತ್ತು. ಮರುದಿನ ಒಗೆದ ಮೇಲೆ ಬಟ್ಟೆ ಬಿಟ್ಟುಕೊಂಡಿತು. ಹೆಂಡತಿ ಅದನ್ನು ಬಿಸಿಲಿಗೆ ಹಿಡಿದು, "ಇದರಾಗ ಜೋಳದ ಹಿಟ್ಟು ಸಾಣಿಸಬಹುದು ನೋಡ್ರಿ" ಎಂದಳು. ಆಸಿಡ್ ಹತ್ತಿಬಟ್ಟೆಯನ್ನು ಹೀಗೆ ಸದ್ದಿಲ್ಲದೆ ತಿನ್ನುತ್ತದೆ. ಈಗ ಆ ಕೆಲಸಕ್ಕೆಂದೇ ಒಂದು ಪಾಲಿಯೆಸ್ಟರ್ ಪ್ಯಾಂಟ್ ತೆಗೆದಿಟ್ಟಿದ್ದೇನೆ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಹಳೆಯ ಟಿಟಿ (ಟೆಂಪೋ ಟ್ರಾವೆಲರ್) ಒಂದನ್ನು ಕೊಂಡು, ಸೀಟು ಕಿತ್ತು, ಎರಡು ಮಂಚ, ಒಂದು ಒಲೆ, ನೀರಿನ ಟ್ಯಾಂಕು ಕೂಡಿಸಿದ್ದೇವೆ. ಮಕ್ಕಳು ಅದಕ್ಕೆ ಮನೆಗಾಡಿ ಅಂತ ಹೆಸರಿಟ್ಟಿದ್ದಾರೆ. ಇಂಜಿನ್ ಬ್ಯಾಟರಿ ಬೇರೆ, ಒಳಗಿನ ಫ್ಯಾನು ಲೈಟಿಗೆ ಬೇರೆ. ಒಳಗಿನದು 150 ಎಎಚ್‌ನ (ಆಂಪಿಯರ್-ಅವರ್, ಅಂದರೆ ಹಿಡಿಯುವ ಚಾರ್ಜಿನ ಅಳತೆ) ಟ್ಯೂಬ್ಯುಲರ್ ಬ್ಯಾಟರಿ, ಮನೆಯ ಇನ್ವರ್ಟರ್‌ಗೆ ಹಾಕುತ್ತೇವಲ್ಲ, ಅದೇ ಜಾತಿ. ಎಡಗಡೆ ಹಿಂದಿನ ಚಕ್ರದ ಮುಂದೆ ತಗಡಿನ ಡಬ್ಬಿ ಮಾಡಿಸಿ ಅದರೊಳಗೆ ಕೂಡಿಸಿದೆ. ಬಾಗಿಲು ಹೊರಗಿನಿಂದ. ಮೇಲೆ 200 ವ್ಯಾಟ್ ಸೋಲಾರ್.

ತಿಂಗಳಿಗೊಮ್ಮೆ ಬಾಗಿಲು ತೆಗೆದು, ನೀರಿನ ಮಟ್ಟ ತೋರಿಸುವ ಕಡ್ಡಿ ನೋಡಿ, ಮತ್ತೆ ಮುಚ್ಚುತ್ತಿದ್ದೆ. ಅಷ್ಟಕ್ಕೇ ನಾನು ಬ್ಯಾಟರಿಯನ್ನು ಚಲೋ ನೋಡಿಕೊಳ್ಳುತ್ತಿದ್ದೇನೆ ಎಂಬ ಸೊಕ್ಕು ಇತ್ತು.

ಯುಗಾದಿ ಹತ್ತಿರ ಬಂದರೆ ನಮ್ಮ ಕಡೆಯಿಂದ ಶ್ರೀಶೈಲಕ್ಕೆ ಮಲ್ಲಯ್ಯನ ಪಾದಯಾತ್ರೆ ಹೊರಡುತ್ತದೆ. ಕಂಬಿ ಹೊತ್ತವರು, ಕಾಲಿಗೆ ಬಟ್ಟೆ ಸುತ್ತಿಕೊಂಡವರು, ಮುದುಕರು, ಹುಡುಗರು. ನಮ್ಮ ಓಣಿಯ ತಂಡಕ್ಕೆ ಮನೆಗಾಡಿ ಜೊತೆಯಾಯಿತು. ನೀರು, ಮಜ್ಜಿಗೆ, ಔಷಧಿ, ರಾತ್ರಿ ಲೈಟು. ಎಲ್ಲಕ್ಕಿಂತ ಜಾಸ್ತಿ, ಮೊಬೈಲ್ ಚಾರ್ಜಿಂಗ್. ರಾತ್ರಿಯಾದರೆ ಮೂವತ್ತು ನಲವತ್ತು ಫೋನು ಗಾಡಿಯ ತುಂಬ ಜೋತುಬೀಳುತ್ತಿದ್ದವು. ಮೂರನೇ ರಾತ್ರಿ, ಇನ್ನೂ ಹತ್ತು ಗಂಟೆಯಾಗಿಲ್ಲ, ಇನ್ವರ್ಟರ್ ಕೀಂ ಎಂದು ಕೂಗಿ ಬಂದ್ ಆಯಿತು.

ಬೆಳಿಗ್ಗೆ ದಾರಿಯಲ್ಲಿ ಸಿಕ್ಕ ಒಂದು ಅಂಗಡಿಗೆ ಒಯ್ದೆ. ಅಂಗಡಿಯವರು ಬ್ಯಾಟರಿಯ ಕಂಬಕ್ಕೆ ವೈರು ಬಿಗಿಯುವ ಕ್ಲಾಂಪಿನ ಮೇಲೆ ಮೀಟರ್ ಇಟ್ಟು, ಇನ್ವರ್ಟರ್ ಹಚ್ಚಿಸಿ, 11.2 ವೋಲ್ಟ್ ತೋರಿಸಿದರು. ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ ಅಂದರು. ನಾನು ಹಾಕಿಸಿಯೂ ಬಿಡುತ್ತಿದ್ದೆ. ನಮ್ಮ ತಂಡದಲ್ಲಿ ಒಬ್ಬ ಹಿರಿಯರಿದ್ದರು. ಇಳಕಲ್ಲಿನ ಕಡೆ ಬಹಳ ವರ್ಷ ಟ್ರ್ಯಾಕ್ಟರ್ ಬ್ಯಾಟರಿ ಕೆಲಸ ಮಾಡಿದವರು, ಎಲ್ಲರೂ ಕಾಕಾ ಅಂತಲೇ ಕರೆಯುತ್ತಿದ್ದೆವು. ಕಾಲಿನ ಬೊಬ್ಬೆಗೆ ಅರಿಶಿನ ಎಣ್ಣೆ ಹಚ್ಚಿಕೊಳ್ಳುತ್ತ ಕೂತವರು ಎದ್ದು ಬಂದರು.

"ತಮ್ಮಾ, ಮೀಟರ್ ಕೊಡಿಲ್ಲೆ."

ಅವರು ಮಾಡಿದ್ದು ಎರಡೇ ಕೆಲಸ. ಒಂದು: ಮೀಟರಿನ ಕೆಂಪು ಮೊನೆಯನ್ನು ಕ್ಲಾಂಪಿನ ಮೇಲಲ್ಲ, ಕ್ಲಾಂಪಿನ ನಡುವೆ ಕಾಣುವ ಸೀಸದ ಕಂಬದ ಮೇಲೆಯೇ ಒತ್ತಿದರು. ಇನ್ವರ್ಟರ್ ಓಡುತ್ತಿರುವಾಗಲೇ 12.3. ಅಂದರೆ ಕಂಬದಿಂದ ಕ್ಲಾಂಪಿಗೆ ದಾಟುವ ಆ ಕೂದಲೆಳೆಯಷ್ಟು ಜಾಗದಲ್ಲೇ 1.1 ವೋಲ್ಟ್ ಕಳೆದುಹೋಗುತ್ತಿತ್ತು. 30 ಆಂಪಿಯರ್ ಹರಿಯುವಾಗ 1.1 ವೋಲ್ಟ್ ಅಂದರೆ 33 ವ್ಯಾಟ್, ಸುಮ್ನೆ ಬಿಸಿಯಾಗಿ ಹೋಗುವುದು. ಕ್ಲಾಂಪ್ ಮುಟ್ಟಿದೆ. ಆಗಷ್ಟೇ ಇಳಿಸಿದ ಚಹಾದ ಕಪ್ಪಿನ ಹಾಗಿತ್ತು.

ಎರಡನೆಯದು ನಾನು ಅದುವರೆಗೆ ನೋಡಿರದ ಆಟ. ಕಪ್ಪು ಮೊನೆಯನ್ನು ಮೈನಸ್ ಕಂಬಕ್ಕೆ ಹಿಡಿದು, ಕೆಂಪು ಮೊನೆಯನ್ನು ಬ್ಯಾಟರಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಮೆಲ್ಲಗೆ ಎಳೆದರು. ಬರೀ ಪ್ಲಾಸ್ಟಿಕ್, ಅಲ್ಲಿ ಏನು ಬರಬೇಕು? ಆದರೆ ಮೀಟರಿನಲ್ಲಿ 0.9, 1.6, ಪ್ಲಸ್ ಹತ್ತಿರ ಹೋದಂತೆ 3 ದಾಟಿತು. ಮುಚ್ಚಳದ ಮೇಲೆ ಬಾದಾಮಿಯ ಕೆಂಪು ಮಣ್ಣು, ಇಳಕಲ್ಲಿನ ಕಲ್ಲುಪುಡಿ, ಆಸಿಡ್ ಆವಿ ಎಲ್ಲ ಕಲಸಿ ತೆಳ್ಳನೆಯ ರಾಡಿ ಕಟ್ಟಿತ್ತು. ಅದರೊಳಗೇ ಕರೆಂಟು ಈ ಕಂಬದಿಂದ ಆ ಕಂಬಕ್ಕೆ ಹಗಲೂ ರಾತ್ರಿ ಸೋರುತ್ತಿತ್ತು.

"ಬ್ಯಾಟ್ರಿ ಸತ್ತಿಲ್ಲೋ. ಅದರ ಮನಿ ಹೊಲಸಾಗೇತಿ" ಎಂದರು ಕಾಕಾ.

ಸೋರುವುದು ಸಣ್ಣ ಪ್ರಮಾಣ, ವಾರಗಟ್ಟಲೆ ನಿಲ್ಲಿಸಿದ ಗಾಡಿಗೆ ಹೆಚ್ಚು ಪೆಟ್ಟು. ನಮ್ಮನ್ನು ರಾತ್ರಿ ಕತ್ತಲಲ್ಲಿ ಕೂಡಿಸಿದ್ದು ಪುಡಿ ಹಿಡಿದ ಕ್ಲಾಂಪ್. ಅದು ಕರೆಂಟು ಹೊರಗೆ ಹೋಗುವುದನ್ನಷ್ಟೇ ತಡೆಯುವುದಿಲ್ಲ, ಒಳಗೆ ಬರುವುದನ್ನೂ ತಡೆಯುತ್ತದೆ. ಚಾರ್ಜನ್ನು ಅಂಕೆಯಲ್ಲಿಡುವ ಸೋಲಾರ್ ಕಂಟ್ರೋಲರ್‌ಗೆ 14.4 ಕಂಡು, ಹೊಟ್ಟೆ ತುಂಬಿತು ಎಂದು ಅದು ಕೈ ಬಿಗಿ ಮಾಡುತ್ತದೆ. ಬ್ಯಾಟರಿಗೆ ಮುಟ್ಟುತ್ತಿದ್ದದ್ದು 14ರ ಆಸುಪಾಸು. ಎಷ್ಟು ತಿಂಗಳಿಂದ ಅರೆಹೊಟ್ಟೆಯಲ್ಲಿತ್ತೋ ಮಲ್ಲಯ್ಯನಿಗೇ ಗೊತ್ತು.

ಅಲ್ಲೇ ಕ್ಲಾಂಪ್ ಬಿಚ್ಚಿ, ಚಾಕುವಿನಿಂದ ಕೆರೆದು ಕೂಡಿಸಿದೆವು. ಯಾತ್ರೆ ಮುಗಿಯಿತು. ಆತ್ಮಕೂರಿನ ಆಚೆ ನಡೆಯುವವರು ಕಾಡಿನ ಹಾದಿ ಹಿಡಿದರು, ನಾನು ಗಾಡಿಯನ್ನು ದೋರ್ನಾಲ ಸುತ್ತಿಸಿ ತಂದೆ. ಊರಿಗೆ ಬಂದ ಮೊದಲ ರವಿವಾರ ಬೆಳಿಗ್ಗೆ ಆರಕ್ಕೇ ಮನೆಯ ಮುಂದೆ ಕೂತೆ.

ಮೊದಲು ಇನ್ವರ್ಟರ್ ಬಂದ್. ಒಳಗಿನ ಎಲ್ಲ ಸ್ವಿಚ್ ಬಂದ್. ಆಮೇಲೆ ಸೋಲಾರ್. ಇದನ್ನು ಬಹಳ ಮಂದಿ ಮರೆಯುತ್ತಾರೆ. ಪ್ಯಾನೆಲ್ಲಿನಿಂದ ಕರೆಂಟು ಬರುತ್ತಿರುವಾಗ ಬ್ಯಾಟರಿ ಕಳಚಿದರೆ ಕಂಟ್ರೋಲರ್ ಸುಡುವ ಸಂಭವ ಇದೆ. ನಮ್ಮ ಗಾಡಿಯಲ್ಲಿ ಆಗ ಸೋಲಾರ್‌ಗೆ ಸ್ವಿಚ್ ಇರಲಿಲ್ಲ, ಹಾಗಾಗಿ ಅವ್ವನ ಹಳೆಯ ಕೌದಿಯನ್ನು ಪ್ಯಾನೆಲ್ ಮೇಲೆ ಹೊದಿಸಿದೆ. ನಂತರ ಡಬ್ಬಿಯ ಬಾಗಿಲು ತೆಗೆದು ಅರ್ಧ ತಾಸು ಸುಮ್ಮನೆ ಬಿಟ್ಟೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೆ ಸಾಕು, ಒಂದು ಕಿಡಿಗೆ ಸ್ಫೋಟವಾಗಬಹುದು. ನೋಡಲು ನಿಂತ ಪಕ್ಕದ ಮನೆಯ ಅಣ್ಣನ ಕೈಯಲ್ಲಿ ಬೀಡಿ ಇತ್ತು. ಬೀಡಿ ಮುಗಿಸಿಯೇ ಬಾ ಅಂದೆ. ಮುನಿಸಿಕೊಂಡು ಹೋದ, ಇರಲಿ.

ಉಂಗುರ, ಸ್ಟೀಲ್ ಪಟ್ಟಿಯ ಗಡಿಯಾರ ತೆಗೆದಿಟ್ಟೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗವುಸು. ವೈರುಗಳ ಫೋಟೋ ಹಿಡಿದುಕೊಂಡೆ, ಯಾವುದು ಎಲ್ಲಿಗೆ ಅಂತ ಆಮೇಲೆ ನೆನಪಿರುವುದಿಲ್ಲ. ಬಿಚ್ಚುವಾಗ ಮೈನಸ್ ಮೊದಲು. ಕಾರಣ ಸರಳ. ಗಾಡಿಯ ಮೈಯೆಲ್ಲ ಮೈನಸ್. ಪ್ಲಸ್ ಮೊದಲು ಬಿಚ್ಚಲು ಹೋದರೆ, ಪಾನಾದ (ಸ್ಪ್ಯಾನರ್) ಇನ್ನೊಂದು ತುದಿ ತಗಡಿಗೆ ತಗುಲಿದ ಕ್ಷಣ ವೆಲ್ಡಿಂಗ್ ಶುರುವಾಗುತ್ತದೆ. ಕೂಡಿಸುವಾಗ ಉಲ್ಟಾ, ಪ್ಲಸ್ ಮೊದಲು, ಮೈನಸ್ ಕೊನೆಗೆ. ಹಾಗಿದ್ದರೂ ಪಾನಾದ ಹಿಡಿಕೆಗೆ ಟೇಪ್ ಸುತ್ತಿಟ್ಟಿದ್ದೇನೆ.

ಬ್ಯಾಟರಿ 50 ಕಿಲೋ ಮೀರಿದ್ದು. ಬೆಲ್ಟ್ ಹಾಕಿ, ತಮ್ಮನೂ ನಾನೂ ಸೇರಿ ಓರೆಯಾಗದಂತೆ ಇಳಿಸಿದೆವು. ಒಬ್ಬರೇ ಎತ್ತುವ ಹುಮ್ಮಸ್ಸು ಬೇಡ, ಬೆನ್ನು ಹಿಡಿಯುತ್ತದೆ.

ಖಾಲಿ ಡಬ್ಬಿಯೊಳಗೆ ಕಂಡದ್ದು ಹೇಳಲು ನಾಚಿಕೆ. ತಳದಲ್ಲಿ ಎರಡು ಬೆರಳು ರಾಡಿ. ಜೋಳದ ಖಾಲಿ ತೆನೆ ಒಂದು, ವೈರಿನ ಪ್ಲಾಸ್ಟಿಕ್ ಚೂರುಗಳು. ಮುಧೋಳದ ಕಬ್ಬಿನ ಹೊಲದ ಬದಿಗೆ ನಾಲ್ಕು ದಿನ ಗಾಡಿ ನಿಲ್ಲಿಸಿದ್ದೆವು, ಇಲಿ ಸಂಸಾರ ಹೂಡಿತ್ತು. ನೀರು ಹೋಗಲು ಬಿಟ್ಟ ತೂತು ಎಲ್ಲಿದೆ ಎಂದೇ ತಿಳಿಯಲಿಲ್ಲ. ಸೈಕಲ್ ಕಡ್ಡಿಯಿಂದ ಚುಚ್ಚಿ ಹುಡುಕಿದೆ. ಗಟ್ಟಿ ಮಣ್ಣಿನ ಬಿರಡೆ ಹೊರಬಂತು, ಹಿಂದೆಯೇ ಕಂದು ನೀರು. ಸರ್ವಿಸ್ ಸ್ಟೇಷನ್ನಿನಲ್ಲಿ ಗಾಡಿ ತೊಳೆಸಿದಾಗಲೆಲ್ಲ ಬಾಗಿಲ ಸಂದಿಯಿಂದ ಹೊಕ್ಕ ನೀರು ಅಲ್ಲೇ ಆಸಿಡ್ ಜೊತೆ ಕೂಡಿ ಕೊಳೆಯುತ್ತಿತ್ತು. ತಗಡು ಎರಡು ಕಡೆ ಹಪ್ಪಳದ ಹಾಗೆ ಪುಡಿಯಾಯಿತು.

ಅತಿ ಮುಖ್ಯವಾದದ್ದು ಮೇಲ್ಗಡೆ ಸಿಕ್ಕಿತು. ಡಬ್ಬಿಯ ಮೇಲಿನ ಮೂಲೆಯಿಂದ ಗ್ಯಾಸು ಹೊರಗೆ ಹೋಗಲು ಒಂದು ಇಂಚಿನ ಪೈಪ್ ಹಾಕಿಸಿದ್ದೆ. ಅದರ ಬಾಯಲ್ಲಿ ಮಣ್ಣಿನ ಗೂಡು! ಕಣಜದ ಹುಳ ಅಚ್ಚುಕಟ್ಟಾಗಿ, ನಾಲ್ಕು ಕೋಣೆ ಕಟ್ಟಿ ಸೀಲ್ ಮಾಡಿತ್ತು. ಆವಿ ಹೊರಗೆ ಹೋಗುವ ದಾರಿಯೇ ಇಲ್ಲ. ಒಳಗೇ ಸುತ್ತಿ, ಕ್ಲಾಂಪು, ನಟ್ಟು, ತಗಡು ಎಲ್ಲವನ್ನೂ ತಿಂದಿತ್ತು. ಅದಕ್ಕಿಂತ ಹೆಚ್ಚಿನ ಭಯ ಹೈಡ್ರೋಜನ್‌ನದು. ನಲವತ್ತು ಫೋನು ಚಾರ್ಜಿಗೆ ಹಚ್ಚಿ, ಆ ಡಬ್ಬಿಯ ಮೇಲಿನ ಮಂಚದಲ್ಲಿ ನಾನು ಮಲಗಿದ್ದೆ.

ತೊಳೆಯಲು ಬೇಕಾದದ್ದು ಅಡುಗೆ ಸೋಡಾ, ಭಜಿ ಹಿಟ್ಟಿಗೆ ಹಾಕುವಂಥದ್ದೇ. ಒಂದು ಲೀಟರ್ ಬೆಚ್ಚನೆಯ ನೀರಿಗೆ ಸುಮಾರು 100 ಗ್ರಾಂ. ಬ್ಯಾಟರಿಗೆ ನೀರು ಹಾಕುವ ಆರೂ ಮುಚ್ಚಳ ಬಿಗಿಯಾಗಿವೆಯಾ ಎಂದು ಎರಡು ಸಲ ನೋಡಿಕೊಂಡೆ. ಸೋಡಾ ನೀರು ಒಳಗೆ ಹೋದರೆ ಅಲ್ಲಿನ ಆಸಿಡ್ ಕೆಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೇಲ್ಮೈಗೆ ಹಚ್ಚಿದ ತಕ್ಷಣ ಚುರ್ ಎಂದು ನೊರೆ ಎದ್ದಿತು. ಒರೆಸಿ ಮತ್ತೆ ಹಚ್ಚಿದೆ, ಮತ್ತೆ ನೊರೆ. ನಾಲ್ಕನೇ ಸಲಕ್ಕೆ ನೊರೆ ನಿಂತಿತು. ನೊರೆ ಬಂದರೆ ಇನ್ನೂ ಆಸಿಡ್ ಉಳಿದಿದೆ ಅಂತ ಅರ್ಥ. ಆಮೇಲೆ ಒದ್ದೆ ಅರಿವೆಯಿಂದ ಒರೆಸಿ, ಒಣ ಅರಿವೆಯಿಂದ ಒರೆಸಿದೆ.

ಕ್ಲಾಂಪುಗಳನ್ನು ಅದೇ ಸೋಡಾ ನೀರಿನಲ್ಲಿ ಮುಳುಗಿಸಿಟ್ಟೆ. ಸೀಸದ ಮೇಲೆ ಬಿಳಿ ಪುಡಿ, ತಾಮ್ರದ ವೈರು ಸೇರುವಲ್ಲಿ ನೀಲಿ. ಆ ನೀಲಿಯನ್ನು ದ್ರಾಕ್ಷಿ ತೋಟದವರಿಗೆ ಹೇಳಿಕೊಡಬೇಕಿಲ್ಲ. ಅದು ಮೈಲುತುತ್ತ. ಸುಣ್ಣದ ಜೊತೆ ಕಲಸಿ ಬಳ್ಳಿಗೆ ಹೊಡೆಯುತ್ತಾರಲ್ಲ, ಅದೇ. ಆಸಿಡ್ ತಾಮ್ರವನ್ನು ತಿಂದು ನಮ್ಮ ಡಬ್ಬಿಯಲ್ಲೇ ತಯಾರಾಗಿತ್ತು. ಪ್ಲಸ್ ವೈರಿನ ಮೇಲಿನ ರಬ್ಬರ್ ಸೀಳಿ ನೋಡಿದರೆ ಮೂರು ಇಂಚಿನವರೆಗೆ ತಾಮ್ರ ಕರ್ರಗಾಗಿತ್ತು. ಹೊಳೆಯುವ ತಾಮ್ರ ಸಿಗುವವರೆಗೂ ಕತ್ತರಿಸಿ ಹೊಸ ಕ್ಲಾಂಪ್ ಹಾಕಿದೆ. ಹಳೆಯದನ್ನೇ ಉಜ್ಜಿ ಉಳಿಸಬಹುದಿತ್ತು. ಜಿಪುಣತನ ಮಾಡಬಾರದ ಜಾಗ ಇದೊಂದೇ.

ಡಬ್ಬಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸೋಡಾ ನೀರು, ಆಮೇಲೆ ಬರಿ ನೀರು ಹಾಕಿ, ಒಂದು ಹಗಲು ಒಣಗಿಸಿದೆ. ವೆಲ್ಡಿಂಗ್ ಅಂಗಡಿಯಲ್ಲಿ ತೂತು ಮುಚ್ಚಿಸಿದೆ. ಮೊದಲು ರೆಡ್ ಆಕ್ಸೈಡ್ ಬಳಿಸಿದ್ದೆ, ಅದು ಆಸಿಡ್ ಮುಂದೆ ನಿಲ್ಲಲಿಲ್ಲ. ಈ ಸಲ ಎಪಾಕ್ಸಿ ಪೇಂಟ್, ಎರಡು ಕೋಟು. ಅದರ ಮೇಲೆ ಅಂಚು ಇರುವ ದಪ್ಪ ಪ್ಲಾಸ್ಟಿಕ್ ಟ್ರೇ. ಚೆಲ್ಲಿದರೂ ತಗಡಿಗೆ ತಾಗುವುದಿಲ್ಲ. ಪೈಪಿನ ಬಾಯಿಗೆ, ಕೆಳಗಿನ ಗಾಳಿ ತೂತಿಗೆ ಎರಡಕ್ಕೂ ನೈಲಾನ್ ಸೊಳ್ಳೆಪರದೆ ಕಟ್ಟಿದೆ. ಕಬ್ಬಿಣದ ಜಾಲರಿ ಹಾಕಿದರೆ ಅದೂ ತುಕ್ಕು ಹಿಡಿಯುತ್ತದೆ.

ನೀರಿನ ಕಡ್ಡಿಗಳು ಸುಳ್ಳು ಹೇಳುತ್ತಿದ್ದವು. ಎರಡು ಕಡ್ಡಿ ಹೊಲಸಿನಿಂದ ಅಂಟಿಕೊಂಡು, ನೀರು ಇಳಿದಿದ್ದರೂ ಮೇಲೆಯೇ ನಿಂತಿದ್ದವು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟರೆ ಪ್ಲೇಟಿನ ತುದಿ ಕಾಣುತ್ತಿತ್ತು. ಪ್ಲೇಟು ಮುಳುಗುವಷ್ಟೇ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮಾಡಿ, ಆಮೇಲೆ ಗುರುತಿನವರೆಗೆ ತುಂಬಿದೆ. ಮೊದಲೇ ತುಂಬಿದರೆ ಚಾರ್ಜ್ ಆಗುವಾಗ ಉಕ್ಕಿ ಮತ್ತೆ ಅದೇ ರಾಡಿ. ಬೋರಿನ ನೀರು, ಫಿಲ್ಟರ್ ನೀರು ಯಾವುದೂ ಬೇಡ. ಆಸಿಡ್ ಅಂತೂ ಮನೆಯಲ್ಲಿ ಹಾಕಲೇಬಾರದು.

ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಟ್ಟಾಗ ಐದು ಸೆಲ್ 1190, ಒಂದು 1170. ಈ ಜಾತಿಯ ಬ್ಯಾಟರಿ ತುಂಬಿದಾಗ 1240 ತೋರಿಸಬೇಕು. ಮನೆಯ ಕರೆಂಟಿನಲ್ಲಿ 10 ಆಂಪಿಯರ್‌ನಂತೆ ನಿಧಾನಕ್ಕೆ ಎರಡು ದಿನ ಹಚ್ಚಿದ ಮೇಲೆ ಐದು 1240ಕ್ಕೆ ಬಂದವು, ಆ ಒಂದು 1230ರಲ್ಲಿ ನಿಂತಿತು. ಕಳಚಿಟ್ಟು ಒಂದು ರಾತ್ರಿ ಕಳೆದರೂ ಚಾರ್ಜ್ ನಿಂತಿತ್ತು. ಹೊಸ ಬ್ಯಾಟರಿಯ ದುಡ್ಡು ಉಳಿಯಿತು. ಕ್ಲಾಂಪ್ ಬಿಗಿದ ಮೇಲೆ ವ್ಯಾಸಲೀನ್ ಸವರಿದೆ. ಮೊದಲೇ ಸವರಿ ಆಮೇಲೆ ಬಿಗಿಯುವುದಲ್ಲ. ಕ್ಲಾಂಪ್ ಇಳಿಯದಿದ್ದರೆ ಸುತ್ತಿಗೆಯಿಂದ ಬಡಿಯಲೂಬಾರದು, ಕಂಬದ ಬುಡ ಬಿರುಕು ಬಿಡುತ್ತದೆ. ಕಂಬಕ್ಕೂ ಕ್ಲಾಂಪಿಗೂ ನಡುವೆ ಈಗ 0.02 ವೋಲ್ಟ್.

ಲಿಥಿಯಂ ಹಾಕಿದರೆ ಈ ತಲೆನೋವೇ ಇಲ್ಲ ಎನ್ನುವವರಿದ್ದಾರೆ. ಇರಬಹುದು. ಆದರೆ ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಡಬ್ಬಿಯೊಳಗೆ ಯಾವ ಬ್ಯಾಟರಿಯೂ ಸುಖವಾಗಿರುವುದಿಲ್ಲ. ಟ್ಯೂಬ್ಯುಲರ್ ಆದರೆ ಯಾವ ಸಣ್ಣ ಊರಿನಲ್ಲೂ ನೋಡುವವರು ಸಿಗುತ್ತಾರೆ. ಬೇಸಿಗೆಯಲ್ಲಿ ಚಾರ್ಜಿಂಗ್ ವೋಲ್ಟೇಜನ್ನು 14.4ರಿಂದ 14.1ಕ್ಕೆ ಇಳಿಸುತ್ತೇನೆ, ನೀರು ಕಡಿಮೆ ಆರುತ್ತದೆ. ಆಗ ಹದಿನೈದು ದಿನಕ್ಕೊಮ್ಮೆ, ಉಳಿದಂತೆ ತಿಂಗಳಿಗೊಮ್ಮೆ ನೋಡುತ್ತೇನೆ. ಪೈಪ್ ಊದಿ ನೋಡುವುದು, ತೂತಿಗೆ ಸೈಕಲ್ ಕಡ್ಡಿ ಹಾಕುವುದು, ಮುಚ್ಚಳದ ಮೇಲೆ ಮೀಟರ್ ಎಳೆಯುವುದು, ಹತ್ತು ನಿಮಿಷದ ಕೆಲಸ. ಸರ್ವಿಸ್ ಹುಡುಗರಿಗೆ ಮೊದಲೇ ಹೇಳುತ್ತೇನೆ, ಆ ಬಾಗಿಲಿಗೆ ನೀರು ಹೊಡಿಬ್ಯಾಡ್ರಪ್ಪಾ ಅಂತ.

ಮರುವರ್ಷದ ಯಾತ್ರೆಗೆ ಕಾಕಾ ಮತ್ತೆ ಬಂದಿದ್ದರು. ಹೊರಡುವ ದಿನ ಡಬ್ಬಿ ತೆಗೆದು ತೋರಿಸಿದೆ. ಅವರು ಮುಚ್ಚಳದ ಮೇಲೆ ಮೀಟರ್ ಎಳೆದರು. ಸೊನ್ನೆ. ಪೈಪಿನ ಪರದೆ ಮುಟ್ಟಿ ನೋಡಿದರು. ನಾನು ಶಭಾಶ್‌ಗಾಗಿ ಕಾಯುತ್ತ ನಿಂತಿದ್ದೆ.

"ಹೂಂ. ಇಂಜಿನ್ ಬ್ಯಾಟ್ರಿ ಎಲ್ಲೈತಿ?" ಎಂದರು.

ಅದರ ಬಾಗಿಲನ್ನು ನಾನು ಒಂದು ವರ್ಷದಿಂದ ತೆಗೆದೇ ಇರಲಿಲ್ಲ. ತೆಗೆದರೆ ಎರಡೂ ಕಂಬದ ಮೇಲೆ ಹೂಕೋಸಿನಷ್ಟು ಬಿಳಿ ಪುಡಿ. ಕಾಕಾ ಏನೂ ಅನ್ನದೆ ಒಳಗೆ ನೋಡಿ, "ವೈನಿ, ಸ್ವಲ್ಪ ಸೋಡಾ ಐತೇನ್ರೀ?" ಎಂದು ನನ್ನ ಹೆಂಡತಿಯನ್ನು ಕೇಳಿದರು.