ಚಿಲಕ ಹೊರಗಿನಿಂದ ಹಾಕಿತ್ತಾ? ಮನೆಗೆ ಬೆಂಕಿ ಇಟ್ಟವನಿಗೆ ಕೋರ್ಟು ವರ್ಷ ಎಣಿಸುವ ಬಗೆ

ಮುಂಬಯಿಯ ಭಾಂಡೂಪ್‌ನ ಒಂದು ಚಾಳ್, ಅಂದರೆ ಸಾಲು ಖೋಲಿಗಳ (ಕೋಣೆಗಳ) ವಠಾರ ಅಂದುಕೊಳ್ಳಿ. ಇದು ನಡೆದ ಕೇಸಲ್ಲ, ಲೆಕ್ಕ ತಿಳಿಯಲು ನಾನೇ ಕಟ್ಟಿದ್ದು. ಗಂಡ ಹೋಟೆಲಿನ ರಾತ್ರಿ ಪಾಳಿಗೆ ಹೋಗಿದ್ದಾನೆ. ಖೋಲಿಯಲ್ಲಿ ಹೆಂಡತಿ, ಮಗು ಮಲಗಿದ್ದಾರೆ. ನಲ್ಲಿ ನೀರಿನ ಜಗಳದ ಸಿಟ್ಟು ಆರದ ಪಕ್ಕದ ಖೋಲಿಯವನು ರಾತ್ರಿ ಎರಡಕ್ಕೆ ಬಾಗಿಲಿಗೆ ಪೆಟ್ರೋಲ್ ಸುರಿದು ಕಡ್ಡಿ ಗೀರುತ್ತಾನೆ. ಚಾಳಿನವರು ಎದ್ದು ಇಬ್ಬರನ್ನೂ ಎಳೆದು ತರುತ್ತಾರೆ. ಜೀವ ಉಳಿಯಿತು, ಖೋಲಿ ಬೂದಿಯಾಯಿತು. ಇವನಿಗೆ ಎಷ್ಟು ವರ್ಷ?

ಮೊದಲು ಘಟನೆಯ ತಾರೀಖು ನೋಡಿ. 2024ರ ಜುಲೈ 1ರಿಂದ ಈಚಿನದಾದರೆ ಭಾರತೀಯ ನ್ಯಾಯ ಸಂಹಿತೆಯ 326(ಜಿ). ಅದಕ್ಕೂ ಹಿಂದಿನದಾದರೆ ಹಳೆಯ ದಂಡ ಸಂಹಿತೆ ಐಪಿಸಿಯ 436, ತೀರ್ಪು ಇವತ್ತು ಬಂದರೂ ಅಷ್ಟೇ. ಶಿಕ್ಷೆ ಎರಡರಲ್ಲೂ ಒಂದೇ: ಜೀವಾವಧಿ, ಇಲ್ಲವೇ 10 ವರ್ಷದವರೆಗೆ ಸೆರೆ, ಜೊತೆಗೆ ದಂಡ. ಇಷ್ಟಕ್ಕಿಂತ ಕಡಿಮೆ ಕೊಡಬಾರದು ಅನ್ನುವ ಗೆರೆ ಇಲ್ಲ.

ಒಳಗೆ ಜನ ಇದ್ದರೆ ಮಾತ್ರ ಈ ಸೆಕ್ಷನ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಜನ ವಾಸಿಸುವ ಕಟ್ಟಡ ಆಗಿದ್ದರೆ ಸಾಕು. ಮನೆಯವರು ಊರಿಗೆ ಹೋಗಿದ್ದರೂ ಇದೇ. ಒಳಗೆ ಜನ ಇದ್ದರು ಅನ್ನುವುದು ಬೇರೆ ಆರೋಪ ತರುತ್ತದೆ: ಕೊಲೆಯತ್ನ, ಹೊಸ ಸಂಹಿತೆಯ ಸೆಕ್ಷನ್ 109. ಗಾಯವಾಗಿದ್ದರೆ ಅಲ್ಲೂ ಜೀವಾವಧಿಯವರೆಗೆ ಹೋಗಬಹುದು. ಯಾರಾದರೂ ಸತ್ತು ಅದು ಕೊಲೆ ಅಂತ ಸಾಬೀತಾದರೆ 103, ಅಂದರೆ ಜೀವಾವಧಿ ಇಲ್ಲವೇ ಗಲ್ಲು. ಗಲ್ಲಿಗೆ 'ಅಪರೂಪದಲ್ಲಿ ಅಪರೂಪ' ಅನ್ನುವ ಅಳತೆಗೋಲು 1980ರ ಬಚ್ಚನ್ ಸಿಂಗ್ ತೀರ್ಪಿನದ್ದು.

ಇನ್ನು ಮುಖ್ಯ ಹೆಜ್ಜೆ: ಅವನಿಗೆ ಏನು ಗೊತ್ತಿತ್ತು? ಇಲ್ಲಿ ಚಿಲಕ ಮಾತಾಡುತ್ತದೆ. ಬೆಂಕಿ ಇಡುವ ಮೊದಲು ಹೊರಗಿನಿಂದ ಚಿಲಕ ಹಾಕಿದ್ದರೆ, 'ಬರೀ ಹೆದರಿಸಲು ಮಾಡಿದೆ' ಅನ್ನುವ ಮಾತು ನಿಲ್ಲುವುದು ಕಷ್ಟ. ರಾತ್ರಿ ಎರಡು ಗಂಟೆ, ಬಾಗಿಲಾಚೆ ಇದ್ದ ಮಗುವಿನ ಚಪ್ಪಲಿ, ಜೊತೆಗೆ ತಂದ ಪೆಟ್ರೋಲ್ ಬಾಟಲಿ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಪಂಚನಾಮೆಯಲ್ಲಿ, ಅಂದರೆ ಪೊಲೀಸರು ಸ್ಥಳ ನೋಡಿ ಸಾಕ್ಷಿಗಳೆದುರು ಬರೆಯುವ ವರದಿಯಲ್ಲಿ, ಇದ್ದರೆ ತಾನೇ! ಸುಟ್ಟ ಬಾಗಿಲಿನ ಚಿಲಕ ಯಾವ ಸ್ಥಿತಿಯಲ್ಲಿತ್ತು ಅಂತ ಬರೆಸಿ, ಫೋಟೊ ತೆಗೆಯಿರಿ. ನಿಮ್ಮ ಹೇಳಿಕೆಯನ್ನು ಪೊಲೀಸರು ಮರಾಠಿಯಲ್ಲಿ ಬರೆದುಕೊಂಡಿದ್ದರೆ ಓದಿಸಿ, ಅರ್ಥ ಕೇಳಿ. ನಾಚಿಕೆಗೆ 'ಹಾ, ಹಾ' ಅನ್ನಬೇಡಿ.

'ಕುಡಿದಿದ್ದೆ' ಅನ್ನುವುದು ಹೆಚ್ಚು ಉಪಯೋಗಕ್ಕೆ ಬರಲ್ಲ. ಸ್ವಂತ ಇಚ್ಛೆಯಿಂದ ಕುಡಿದವನಿಗೂ ಕುಡಿಯದವನಷ್ಟೇ ತಿಳಿವಳಿಕೆ ಇತ್ತು ಅಂತ ಕಾನೂನು ಹಿಡಿಯುತ್ತದೆ. 'ನನ್ನ ಖೋಲಿ, ನಾನೇ ಸುಟ್ಟೆ' ಅನ್ನುವವನೂ ಜಾರಿಕೊಳ್ಳುವಂತಿಲ್ಲ. ಬೇರೆಯವರಿಗೆ ನಷ್ಟ ಮಾಡುವ ಉದ್ದೇಶ ಇದ್ದರೆ ತನ್ನ ಸೊತ್ತನ್ನು ಸುಡುವುದೂ ಅಪರಾಧವೇ.

ಅಪರಾಧಿ ಅಂತ ತೀರ್ಮಾನವಾದ ಮೇಲೆ ಜಡ್ಜ್ ಶಿಕ್ಷೆಯ ಬಗ್ಗೆ ಅವನ ಮಾತನ್ನು ಪ್ರತ್ಯೇಕವಾಗಿ ಕೇಳುತ್ತಾರೆ. ಇದು ಸುಮ್ನೆ ಶಾಸ್ತ್ರಕ್ಕಲ್ಲ, ಕೇಳಲೇಬೇಕು. ವಯಸ್ಸು, ಹಿಂದಿನ ಕೇಸು, ಮನೆಯಲ್ಲಿ ದುಡಿಯುವವರು ಯಾರು, ಪಶ್ಚಾತ್ತಾಪ ಉಂಟೋ ಇಲ್ಲವೋ ಎಲ್ಲವೂ ಇಲ್ಲಿ ಬರುತ್ತವೆ. ಕೆಲವು ದೇಶಗಳಲ್ಲಿರುವಂತೆ ಯಾವ ಅಪರಾಧಕ್ಕೆ ಎಷ್ಟು ವರ್ಷ ಅನ್ನುವ ಶಿಕ್ಷೆಯ ಕೋಷ್ಟಕ ನಮ್ಮಲ್ಲಿ ಇಲ್ಲ, ಹಾಗಾಗಿ ಒಂದೇ ತರಹದ ಕೇಸಿಗೆ ಇಬ್ಬರು ಜಡ್ಜ್‌ಗಳಿಂದ ಬೇರೆ ಬೇರೆ ವರ್ಷ ಬರಬಹುದು. ನನಗೆ ಇದು ಸರಿ ಕಾಣುವುದಿಲ್ಲ. ಹಾಗಂತ ಚಿಲಕ ಹಾಕಿದವನನ್ನೂ ಹಾಕದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೋಷ್ಟಕವೂ ಬೇಡ.

ಎರಡು ಸೆಕ್ಷನ್‌ಗಳ ಸೆರೆ ಒಟ್ಟೊಟ್ಟಿಗೆ ನಡೆಯಬೇಕೋ ಒಂದಾದ ಮೇಲೆ ಒಂದೋ ಅನ್ನುವುದನ್ನೂ ಜಡ್ಜ್ ಹೇಳುತ್ತಾರೆ.

ಪರಿಹಾರದ ಮಾತು ಮರೆಯಬೇಡಿ. ಕೋರ್ಟು ಅದನ್ನು ಯೋಚಿಸಲೇಬೇಕು, ಕೊಟ್ಟರೂ ಕೊಡದಿದ್ದರೂ ಕಾರಣ ಬರೆಯಬೇಕು ಅಂತ 2013ರಲ್ಲಿ ಮಹಾರಾಷ್ಟ್ರದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸುಟ್ಟ ರೇಷನ್ ಕಾರ್ಡ್, ಪಾತ್ರೆ, ಹೊಲಿಗೆ ಮೆಷಿನ್ ಎಲ್ಲದರ ಪಟ್ಟಿ ಸರ್ಕಾರಿ ವಕೀಲರ ಕೈಗೆ ಮೊದಲೇ ಕೊಡಿ.

ಮೂರೇ ವರ್ಷ ಕೊಟ್ಟರೆ? ಶಿಕ್ಷೆ ಸಾಲದು ಅಂತ ಹೈಕೋರ್ಟಿಗೆ ಮೇಲ್ಮನವಿ ಹಾಕುವ ಹಕ್ಕು ಸರ್ಕಾರದ್ದು, ಮನೆ ಕಳೆದುಕೊಂಡವರದ್ದಲ್ಲ. ಖುಲಾಸೆಯಾದರೆ, ಕಿರಿಯ ಅಪರಾಧ ಮಾತ್ರ ಸಾಬೀತಾದರೆ, ಪರಿಹಾರ ಕಡಿಮೆಯಾದರೆ ಮಾತ್ರ ಆ ಹೆಂಗಸು ತಾನೇ ಹೋಗಬಹುದು. ವರ್ಷ ಸಾಲಲಿಲ್ಲ ಅಂದರೆ ಸರ್ಕಾರಿ ವಕೀಲರ ಬಾಗಿಲನ್ನೇ ತಟ್ಟಬೇಕು.